ಸೂರ್ಯಮಾರುತವೂ ಭೂಮಿಯ ಕಾಂತಮೇರೆಯೂ

(ಮುನವಳ್ಳಿಯ ಮಠದ ಮಹೋತ್ಸವ ನಿಮಿತ್ತವಾಗಿ ಕೂಡಿದ ಸಭೆಯಲ್ಲಿ ಜರುಗಿದ ಉಪನ್ಯಾಸ)

 

ಮಠದ ಸಭೆಗಳಲ್ಲಿ ಷಟ್‌ಸ್ಥಲ, ಶಿವಾನುಭವ, ಪುರಾತನರ ಚರಿತ್ರೆ ಮೊದಲಾದ ವಿಷಯಗಳನ್ನು ಕುರಿತು ಉಪನ್ಯಾಸಗಳು ಜರುಗುವುದು ವಾಡಿಕೆ. ಇಂದಿನ ವಿಷಯವು ಅವುಗಳಿಗಿಂತ ಬೇರೆಯಾದುದು. ಸೂರ್ಯನಿಂದ ಹೊರಟು ಬರುವ ಒಂದು ಬಗೆಯ ಗಾಳಿಯು ಭೂಮಿಯ ಕಾಂತಬಲವನ್ನು ಎದುರುಗೊಳ್ಳುವ ಸ್ಥಾನದಲ್ಲಿ ವಿದ್ಯುತ್ಪ್ರವಾಹಗಳು ಹೇಗೆ ಹುಟ್ಟುವವು, ಅವುಗಳಿಂದ ಲೋಕಕ್ಕಾಗುವ ಹಿತಾಹಿತಗಳೇನು ಎಂಬುದೇ ಇಂದಿನ ವಿಚಾರ. ಇದಕ್ಕೂ ಮಠಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಶಿವನ ಸೃಷ್ಟಿಯನ್ನು ಇದ್ದಂತೆ ಅರಿಯುವುದು ಶಿವಭಕ್ತನಿಗೆ ಹೊರಗಿನ ವಿದ್ಯೆಯಲ್ಲ. ಇದೊಂದು ಕಾರಣ. ಅರಿಯದ ಕಡೆಯಲ್ಲಿ ಭಯವೂ ಸುಳ್ಳೂ ಒಟ್ಟಿಗೆ ಬೆಳೆಯುವವು. ಅವೆರಡನ್ನೂ ಕಳೆಯುವುದು ಮಠದ ಕೆಲಸವೇ ಆಗಿದೆ. ಇದು ಇನ್ನೊಂದು ಕಾರಣ.

ಮೊದಲು ಈ ಗಾಳಿಯೆಂಬುದು ಏನೆಂದು ನೋಡತಕ್ಕದ್ದು. ಇದು ಉಸಿರಾಡುವ ಗಾಳಿಯಲ್ಲ. ಸೂರ್ಯನ ಹೊರವಲಯವು ಹತ್ತು ಲಕ್ಷ ಡಿಗ್ರಿಗೂ ಮಿಕ್ಕಿದ ತಾಪವುಳ್ಳದ್ದು. ಅಷ್ಟು ಕಾವಿನಲ್ಲಿ ಪರಮಾಣುಗಳು ಇಡಿಯಾಗಿ ಉಳಿಯಲಾರವು. ಅವು ಒಡೆದು, ಧನವಿದ್ಯುತ್ತುಳ್ಳ ಪ್ರೋಟಾನುಗಳೂ ಋಣವಿದ್ಯುತ್ತುಳ್ಳ ಎಲೆಕ್ಟ್ರಾನುಗಳೂ ಬೇರೆಬೇರೆಯಾಗುವವು. ಈ ಕಣಗಳ ಸಮೂಹವು ಸೂರ್ಯನ ಸೆಳೆತವನ್ನೂ ಮೀರಿ ಎಲ್ಲ ದಿಕ್ಕಿಗೂ ಎಡೆಬಿಡದೆ ಹರಿಯುತ್ತಿರುವುದು. ಹೀಗೆ ಹರಿಯಲೇಬೇಕೆಂದು ಯೂಜಿನ್ ಪಾರ್ಕರ್ ಎಂಬ ವಿಜ್ಞಾನಿಯು 1958ರಲ್ಲಿ ಗಣಿತದಿಂದ ತೋರಿಸಿ, ಇದಕ್ಕೆ ಸೂರ್ಯಮಾರುತವೆಂಬ ಅರ್ಥದ ಹೆಸರನ್ನಿಟ್ಟನು. ಇದರ ವೇಗವು ಸಾಮಾನ್ಯವಾಗಿ ಸೆಕೆಂಡಿಗೆ 400 ಕಿಲೋಮೀಟರಿನಷ್ಟು. ಬೆಳಗಾವಿಯಿಂದ ಹೊರಟರೆ ಒಂದು ಸೆಕೆಂಡು ಕಳೆಯುವಷ್ಟರಲ್ಲಿ ಬೆಂಗಳೂರಿನ ಸಮೀಪಕ್ಕೆ ಬಂದಂತಾಯಿತು. ಹೀಗಿದ್ದರೂ ಸೂರ್ಯನು ಭೂಮಿಗೆ 15 ಕೋಟಿ ಕಿಲೋಮೀಟರು ದೂರದಲ್ಲಿರುವುದರಿಂದ ಇದು ಇಲ್ಲಿಗೆ ಬಂದು ಮುಟ್ಟಲು ನಾಲ್ಕು ದಿನಗಳಾದರೂ ಬೇಕು.

ವೇಗವು ಇಷ್ಟಿದ್ದರೂ ಇದರ ಸಾಂದ್ರತೆಯು ಅತ್ಯಲ್ಪ. ಒಂದು ಸಕ್ಕರೆಯ ತುಂಡಿನಷ್ಟು ಅವಕಾಶದಲ್ಲಿ ಐದಾರು ಕಣಗಳಿರುವವು, ಅಷ್ಟೆ. ಇದು ನೂಕುವ ಒತ್ತಡವು ಭೂಮಿಯ ಮೇಲಿನ ವಾಯುವಿನ ಒತ್ತಡದ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ. ಇಷ್ಟು ಕ್ಷೀಣವಾದುದು ಏನು ಮಾಡೀತು ಎನ್ನಬಾರದು. ಅದು ಒಂದು ಕ್ಷಣವೂ ನಿಲ್ಲದೆ ಬೀಸುವುದರಿಂದಲೂ, ಅದನ್ನೆದುರಿಸುವ ಭೂಮಿಯ ಕಾಂತಬಲವು ದೂರದಲ್ಲಿ ಅಷ್ಟೇ ಕ್ಷೀಣವಾಗುವುದರಿಂದಲೂ, ಇವೆರಡರ ತೂಕವು ಒಂದೆಡೆಯಲ್ಲಿ ಸರಿಯಾಗುವುದು.

ಭೂಮಿಯ ಕಾಂತಬಲವು ಎಲ್ಲರೂ ಬಲ್ಲ ಸಂಗತಿ. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವುದು ಅದೇ. ಭೂಮಿಯ ಗರ್ಭದಲ್ಲಿ ಕರಗಿ ಹರಿದಾಡುವ ಕಬ್ಬಿಣದಿಂದ ಅದು ಹುಟ್ಟುವುದು. ಸಮಭಾಜಕದ ನೆಲದ ಮೇಲೆ ಅದರ ಪ್ರಮಾಣವು ಸುಮಾರು 30,000 ನ್ಯಾನೋಟೆಸ್ಲಾ. ಭೂಮಿಯ ನಡುವಿನಿಂದ ದೂರವು ಇಮ್ಮಡಿಯಾದರೆ ಈ ಬಲವು ಎಂಟರಲ್ಲೊಂದು ಪಾಲಾಗುವುದು. ಹತ್ತುಮಡಿಯಾದರೆ ಸಾವಿರದಲ್ಲೊಂದು ಪಾಲಾಗಿ 30 ನ್ಯಾನೋಟೆಸ್ಲಾ ಮಾತ್ರ ಉಳಿಯುವುದು. ಸೂರ್ಯನ ಕಡೆಗೆ ಮೊಗವಾದ ಪಾರ್ಶ್ವದಲ್ಲಿ, ಭೂಮಿಯ ಅರೆವ್ಯಾಸದ ಹತ್ತುಮಡಿ, ಎಂದರೆ ಸುಮಾರು 64,000 ಕಿಲೋಮೀಟರು ದೂರದಲ್ಲಿ, ಗಾಳಿಯ ನೂಕುವಿಕೆಯೂ ಕಾಂತಬಲದ ತಡೆಯೂ ಸಮತೂಕಕ್ಕೆ ಬರುವವು. ಅದೇ ಕಾಂತಮೇರೆ. ಅದರ ಒಳಗಿನದು ಭೂಮಿಯ ಕಾಂತಮಂಡಲ. ಹೊರಗಿನದು ಸೂರ್ಯನ ರಾಜ್ಯ.

ಮಲಪ್ರಭೆಯ ದಂಡೆಯವರಿಗೆ ಇದನ್ನು ತಿಳಿಯಲು ಕಷ್ಟವಿಲ್ಲ. ಮಳೆಗಾಲದಲ್ಲಿ ಹೊಳೆಯು ತುಂಬಿ ಹರಿಯುವಾಗ ಸೇತುವೆಯ ಕಂಬದ ಮುಂದೆ ನೀರು ಏರಿ ನೊರೆಗಟ್ಟುವುದು. ಅನಂತರ ಎರಡು ಕವಲಾಗಿ ಕಂಬವನ್ನು ಬಳಸಿ ಹೋಗುವುದು. ಕಂಬದ ಹಿಂದೆ ಉದ್ದನೆಯ ಸುಳಿಯ ಜಾಡು ಉಳಿಯುವುದು. ಸೂರ್ಯಮಾರುತದ ನಡೆಯೂ ಹೀಗೆಯೇ. ಕಾಂತಮೇರೆಗೆ ಮುಟ್ಟುವ ಮೊದಲೇ ಅದು ತಟ್ಟನೆ ವೇಗಗುಂದಿ ಕಾಯ್ದು, ಮೇರೆಯನ್ನು ಬಳಸಿಕೊಂಡು ಹರಿಯುವುದು. ಇರುಳಿನ ಪಾರ್ಶ್ವದಲ್ಲಿ ಕಾಂತಮಂಡಲವು ಬಾಲದಂತೆ ನೀಳವಾಗಿ, ಚಂದ್ರನ ಕಕ್ಷೆಯನ್ನೂ ದಾಟಿ ಚಾಚಿರುವುದು. ಹುಣ್ಣಿಮೆಯ ಆಸುಪಾಸಿನ ಕೆಲವು ದಿನ ಚಂದ್ರನು ಈ ಬಾಲದೊಳಗಿಂದಲೇ ಹಾಯುವನು.

ಆದರೆ ಕಂಬವು ಕಲ್ಲಿನದು. ಕಾಂತಮೇರೆಯಲ್ಲಿ ಕಲ್ಲಿಲ್ಲ, ಗೋಡೆಯಿಲ್ಲ. ಹಾಗಾದರೆ ಗಾಳಿಯನ್ನು ತಡೆಯುವುದು ಯಾವುದು? ಈ ಪ್ರಶ್ನೆಗೆ 1930 ಮತ್ತು 1931ರಲ್ಲಿ ಸಿಡ್ನಿ ಚಾಪ್‌ಮನ್ ಎಂಬ ಆಂಗ್ಲ ಪಂಡಿತನೂ ಅವನ ಶಿಷ್ಯನಾದ ವಿನ್ಸೆಂಟ್ ಫೆರಾರೊನೂ ಉತ್ತರ ಹೇಳಿದರು. ಆಗ ಆಕಾಶಕ್ಕೆ ಒಂದು ಉಪಗ್ರಹವೂ ಏರಿರಲಿಲ್ಲ. ಕಾಗದ, ಲೇಖಣಿ, ಗಣಿತ ಇವೇ ಅವರ ಉಪಕರಣಗಳು. ಅವರು ಹೇಳಿದುದರ ಸಾರವಿದು.

ವಿದ್ಯುತ್ತುಳ್ಳ ಕಣವು ಕಾಂತಬಲವನ್ನು ಹೊಕ್ಕಾಗ ನೇರವಾಗಿ ನಡೆಯಲಾರದು. ಬಲಕ್ಕೆ ಅಡ್ಡಲಾಗಿ ಬಾಗಿ ತಿರುಗುವುದು. ಧನಕಣವು ಒಂದು ಕಡೆಗೆ ಬಾಗಿದರೆ ಋಣಕಣವು ಅದರ ಎದುರು ಕಡೆಗೆ ಬಾಗುವುದು. ಕಾಂತಮೇರೆಯ ನಡುಭಾಗದಲ್ಲಿ ಭೂಮಿಯ ಕಾಂತಬಲವು ಉತ್ತರಮುಖವಾಗಿರುವುದು. ಅಲ್ಲಿಗೆ ಬಂದ ಪ್ರೋಟಾನು ಸಂಜೆಯ ಪಾರ್ಶ್ವದ ಕಡೆಗೆ ಅರೆಸುತ್ತು ತಿರುಗಿ ಹೊರಬೀಳುವುದು. ಎಲೆಕ್ಟ್ರಾನು ಬೆಳಗಿನ ಪಾರ್ಶ್ವದ ಕಡೆಗೆ ಅರೆಸುತ್ತು ತಿರುಗಿ ಹೊರಬೀಳುವುದು. ಧನವು ಒಂದು ಕಡೆಗೂ ಋಣವು ಎದುರು ಕಡೆಗೂ ಸರಿದರೆ ಅದೇ ವಿದ್ಯುತ್ಪ್ರವಾಹವಲ್ಲವೆ? ಈ ಪ್ರಕಾರ ಮೇರೆಯುದ್ದಕ್ಕೂ ಬೆಳಗಿನ ಪಾರ್ಶ್ವದಿಂದ ಸಂಜೆಯ ಪಾರ್ಶ್ವಕ್ಕೆ ಪ್ರವಾಹದ ಒಂದು ತೆರೆಯು ಹರಿಯುವುದು. ಆಮೇಲೆ ಧ್ರುವಗಳ ಮೇಲಣ ಭಾಗವನ್ನು ಸುತ್ತಿ ತನ್ನ ಸುತ್ತನ್ನು ಪೂರೈಸಿಕೊಳ್ಳುವುದು.

ಈ ಪ್ರವಾಹಕ್ಕೆ ತನ್ನದೇ ಆದ ಕಾಂತಬಲವುಂಟು. ಮೇರೆಯ ಹೊರಗೆ ಅದು ಭೂಮಿಯ ಬಲಕ್ಕೆ ವಿರುದ್ಧವಾಗಿ ನಿಂತು ಅದನ್ನು ಇಲ್ಲವಾಗಿಸುವುದು. ಒಳಗೆ ಭೂಮಿಯ ಬಲದೊಡನೆ ಕೂಡಿ ಅದನ್ನು ಹೆಚ್ಚುಕಡಿಮೆ ಇಮ್ಮಡಿಯಾಗಿಸುವುದು. 30 ಇದ್ದದ್ದು ಸುಮಾರು 60 ಆಗುವುದು. ಹೀಗೆ ತಡೆಯುವ ಗೋಡೆಯನ್ನು ಬೇರೆ ಯಾರೂ ಕಟ್ಟಲಿಲ್ಲ. ಬಂದ ಗಾಳಿಯ ಕಣಗಳೇ ಬಾಗಿ, ಪ್ರವಾಹವಾಗಿ, ತಮ್ಮನ್ನು ತಡೆಯುವ ಗೋಡೆಯಾದವು. ಚಾಪ್‌ಮನ್‌-ಫೆರಾರೊ ಪ್ರವಾಹವೆಂದು ಇಂದಿಗೂ ಇದಕ್ಕೆ ಹೆಸರು.

ಇದರ ಪ್ರಮಾಣವನ್ನು ಲೆಕ್ಕಹಾಕಿ ನೋಡಬಹುದು. ಮೇರೆಯ ಒಂದೊಂದು ಮೀಟರು ಅಗಲದಲ್ಲಿ ಹರಿಯುವುದು ಒಂದು ಆಂಪಿಯರಿನ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಮನೆಯ ಒಂದು ಸಣ್ಣ ದೀಪಕ್ಕೆ ಸಾಲುವಷ್ಟು. ಆದರೆ ಮೇರೆಯ ಹರವು ಹತ್ತಾರು ಸಾವಿರ ಕಿಲೋಮೀಟರು. ಎಲ್ಲವನ್ನೂ ಕೂಡಿಸಿದರೆ ಹತ್ತಾರು ಲಕ್ಷ ಆಂಪಿಯರುಗಳಾಗುವವು. ಹನಿಗೂಡಿ ಹಳ್ಳವಾಗುವುದೆಂದರೆ ಇದೇ.

ಇದು ಬರಿಯ ಊಹೆಯಲ್ಲವೆಂದು ಲೋಕಕ್ಕೆ ತಿಳಿದ ಬಗೆಯಲ್ಲಿ ಭರತಖಂಡಕ್ಕೂ ಕನ್ನಡನಾಡಿಗೂ ದೊಡ್ಡ ಪಾಲುಂಟು. ಮುಂಬಯಿಯ ಕೊಲಾಬಾದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು 1826ರಲ್ಲಿ ಒಂದು ವೀಕ್ಷಣಾಲಯವನ್ನು ಕಟ್ಟಿಸಿದರು. 1841ರಿಂದ ಅಲ್ಲಿ ಭೂಮಿಯ ಕಾಂತಬಲವನ್ನು ಅಳೆದು ಬರೆದಿಡುವ ಕೆಲಸ ನಡೆಯಿತು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. 1956ರ ವರೆಗೂ ಮುನವಳ್ಳಿಯವರಿಗೆ ಮುಂಬಯಿಯೇ ರಾಜಧಾನಿಯಾಗಿದ್ದಿತು. 1859ನೆಯ ಸಪ್ಟೆಂಬರ 1ರಂದು ಇಂಗ್ಲಂಡದಲ್ಲಿ ಕ್ಯಾರಿಂಗ್ಟನ್ ಎಂಬವನು ಸೂರ್ಯಬಿಂಬದ ಮೇಲೆ ಅಕಸ್ಮಾತ್ತಾಗಿ ಹೊಳೆದ ಒಂದು ಬೆಳಕನ್ನು ಕಂಡನು. ಒಂದು ಹಗಲಿರುಳು ಕಳೆಯುವುದರೊಳಗೆ ಭೂಮಿಯ ಮೇಲೆ ಭಾರಿಯಾದ ಕಾಂತಬಿರುಗಾಳಿಯು ಎದ್ದಿತು. ಆ 2ನೆಯ ತಾರೀಖಿನಂದು ಕೊಲಾಬಾದ ಕಾಂತಬಲವು ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿದುದು ಅಲ್ಲಿಯ ದಫ್ತರದಲ್ಲಿ ದಾಖಲಾಗಿದೆ. ಲೋಕದ ವಿಜ್ಞಾನಿಗಳು ಆ ಬಿರುಗಾಳಿಯ ಬಲವನ್ನು ಅಳೆಯಲು ಇಂದಿಗೂ ಈ ದಾಖಲೆಯನ್ನೇ ಆಶ್ರಯಿಸುವರು.

ಆ ದಿನ ಕೊಲಾಬಾದಲ್ಲಿ ಮುಳ್ಳನ್ನು ನೋಡಿ ಅಂಕೆಗಳನ್ನು ಬರೆದವರ ಹೆಸರನ್ನು ಲೋಕವು ನೆನೆಯುವುದಿಲ್ಲ. ಅವರು ಬಿರುಗಾಳಿ ಬರುವುದೆಂದು ಕಾದು ಕುಳಿತವರೂ ಅಲ್ಲ. ದಿನವೂ ಮಾಡುವ ಕೆಲಸವನ್ನು ಆ ದಿನವೂ ತಪ್ಪದೆ ಮಾಡಿದರು. ಅಷ್ಟರಿಂದಲೇ ಅದು ಶಾಶ್ವತವಾಯಿತು. ಕಾಯಕದ ಮಹಿಮೆಯನ್ನು ಅರಿತ ಈ ಸಭೆಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಆ ವೀಕ್ಷಣಾಲಯದ ಮುಖ್ಯಸ್ಥರಾದ ನಾನಾಭಾಯ್ ಮೂಸರವರು 1846ರಿಂದ 1905ರ ವರೆಗಿನ ಅರವತ್ತು ವರ್ಷಗಳ ಅಳತೆಗಳನ್ನು ಶೋಧಿಸಿ 1910ರಲ್ಲಿ ಪ್ರಕಟಿಸಿದರು. ಮುಂಬಯಿಯಲ್ಲಿ ವಿದ್ಯುತ್ತಿನ ಟ್ರಾಮುಗಳು ಓಡುವ ಕಾಲ ಬಂದು, ಅವುಗಳಿಂದ ಕಾಂತಮಾಪಕಗಳಿಗೆ ಕ್ಷೋಭೆಯಾಗುವುದೆಂದು, 1904ರಲ್ಲಿ ಅಲಿಬಾಗದಲ್ಲಿ ಹೊಸ ವೀಕ್ಷಣಾಲಯವನ್ನು ತೆರೆದರು.

ಇಂಥ ದಾಖಲೆಗಳಲ್ಲಿ ಒಂದು ವಿಚಿತ್ರವು ಕಾಣುವುದು. ಅನೇಕ ಕಾಂತಬಿರುಗಾಳಿಗಳಲ್ಲಿ ಬಲವು ಕುಸಿಯುವುದಕ್ಕೆ ಮುಂಚೆ, ಕೆಲವೇ ನಿಮಿಷಗಳಲ್ಲಿ, ಹಠಾತ್ತಾಗಿ ಕೆಲವು ಹತ್ತು ನ್ಯಾನೋಟೆಸ್ಲಾದಷ್ಟು ಏರುವುದು. ಏಕೆ? ಸೂರ್ಯನಿಂದ ಬಿರುಸಾದ ಗಾಳಿಯು ಬಂದು ಅಪ್ಪಳಿಸಿದಾಗ ಕಾಂತಮೇರೆಯು ಒಳಕ್ಕೆ ಸರಿಯುವುದು. ಅದರ ಪ್ರವಾಹವು ಬಲಗೊಳ್ಳುವುದಲ್ಲದೆ ಭೂಮಿಗೆ ಸಮೀಪವೂ ಆಗುವುದು. ಆದಕಾರಣ ನೆಲದ ಮೇಲಿನ ಮುಳ್ಳು ಕೂಡ ಹೆಚ್ಚಿದ ಬಲವನ್ನು ತೋರಿಸುವುದು. ಅರವತ್ತು ಸಾವಿರ ಕಿಲೋಮೀಟರು ಆಚೆಯ ಪ್ರವಾಹದ ನುಡಿಯನ್ನು ಅಲಿಬಾಗದ ಒಂದು ಕೋಣೆಯಲ್ಲಿ ಕೇಳಬಹುದೆಂದಾಯಿತು. ಅನಂತರದ ಕುಸಿತಕ್ಕೆ ಕಾರಣವು ಬೇರೆ: ಕಾಂತಮಂಡಲದೊಳಗೆ ಸಿಕ್ಕ ಕಣಗಳು ಭೂಮಿಯ ಸುತ್ತ ಬಳೆಯಂತೆ ಹರಿಯಿಸುವ ಇನ್ನೊಂದು ಪ್ರವಾಹ.

ಇನ್ನು ಕನ್ನಡನಾಡಿನ ಮಾತು. ಉಡುಪಿಯ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಅವರು ಉಡುಪಿಯ ಶಾಲೆಯನ್ನು ಮುಗಿಸಿ, ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಓದಿದರು. ಮುಂದೆ ಅನಂತಪುರ, ಕಾಶಿಗಳಲ್ಲಿ ವ್ಯಾಸಂಗ ಮಾಡಿ, ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರ ಶಿಷ್ಯರಾಗಿ, ಅಮೇರಿಕೆಗೆ ತೆರಳಿದರು. 1962ರಲ್ಲಿ ಶುಕ್ರಗ್ರಹದ ಕಡೆಗೆ ಹೊರಟ ಮ್ಯಾರಿನರ್ 2 ಎಂಬ ನೌಕೆಯು ಸೂರ್ಯಮಾರುತವನ್ನು ತಿಂಗಳುಗಟ್ಟಲೆ ಅಳೆಯಿತು. ಅದು ಒಮ್ಮೆಯೂ ನಿಲ್ಲದೆ ಬೀಸುವುದೆಂದು ಆಗ ಸ್ಥಿರಪಟ್ಟಿತು. ಆ ಅಳತೆಗಳನ್ನು ಕುರಿತು ಸ್ನೈಡರ್, ನ್ಯೂಗೆಬೌರ್ ಎಂಬವರೊಡನೆ ರಾವ್ ಅವರು 1963ರಲ್ಲಿ ಪ್ರಕಟಿಸಿದ ಪ್ರಬಂಧವು, ಸೂರ್ಯಮಾರುತದ ವೇಗವು ಹೆಚ್ಚಿದಂತೆ ಭೂಮಿಯ ಕಾಂತಕ್ಷೋಭೆಯೂ ಹೆಚ್ಚುವುದೆಂದು ತೋರಿಸಿತು. ಇದಕ್ಕೆ ಸ್ವಲ್ಪ ಮುಂಚೆ, 1961ರಲ್ಲಿ, ಎಕ್ಸ್‌ಪ್ಲೋರರ್ 12 ಎಂಬ ಉಪಗ್ರಹವು ಕಾಂತಮೇರೆಯನ್ನು ಮತ್ತೆ ಮತ್ತೆ ದಾಟಿ, ಅಲ್ಲಿ ಕಾಂತಬಲವು ಥಟ್ಟನೆ ಬದಲಾಗುವುದನ್ನು ಕಂಡಿತು. ಚಾಪ್‌ಮನ್ನನೂ ಫೆರಾರೊನೂ ಕಾಗದದ ಮೇಲೆ ಬರೆದುದು ಮೂವತ್ತು ವರ್ಷಗಳ ಮೇಲೆ ಆಕಾಶದಲ್ಲಿ ದೊರೆಯಿತು. ರಾವ್ ಅವರು ಸ್ವದೇಶಕ್ಕೆ ಮರಳಿ 1975ರಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿಸಿದರು, 2017ರಲ್ಲಿ ಕಾಲವಶರಾದರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರನ್ನೇ ಇಡಲಾಗಿದೆ.

2023ರ ಸಪ್ಟೆಂಬರ 2ರಂದು ಶ್ರೀಹರಿಕೋಟೆಯಿಂದ ಹೊರಟ ಆದಿತ್ಯ ಎಲ್‌1 ನೌಕೆಯು 2024ರ ಜನೇವರಿ 6ರಂದು ತನ್ನ ನೆಲೆಯನ್ನು ಸೇರಿತು. ಆ ನೆಲೆಯು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರು ದೂರದಲ್ಲಿದೆ. ಊರಿಗೆ ಬರುವ ಹಾದಿಯಲ್ಲಿ ಮುಂದೆ ನಿಂತ ಕಾವಲುಗಾರನಂತೆ, ಬರುವ ಗಾಳಿಯ ವೇಗವನ್ನೂ ಕಾಂತಬಲವನ್ನೂ ಅದು ಅಳೆಯುವುದು. ಗಾಳಿಯು ಅಲ್ಲಿಂದ ಭೂಮಿಗೆ ಬರಲು ಸುಮಾರು ಒಂದು ತಾಸು ಬೇಕು. ವಾರ್ತೆಯಾದರೋ ಐದು ಸೆಕೆಂಡಿನಲ್ಲಿ ಬರುವುದು. ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ಹಿರಿಯ ಆಂಟೆನಾಗಳು ಆ ನೌಕೆಯೊಡನೆ ಮಾತಾಡುವವು.

ಆ ಒಂದು ತಾಸಿನ ಮುನ್ಸೂಚನೆಯ ಬೆಲೆಯೇನೆಂದು 2024ರ ಮೇ 10 ಮತ್ತು 11ರಂದು ತಿಳಿಯಿತು. ಕಾಂತಮೇರೆಯನ್ನು ನೂಕುವುದು ಸುಲಭವಲ್ಲ; ಗಾಳಿಯ ಒತ್ತಡವು ಇಮ್ಮಡಿಯಾದರೂ ಮೇರೆಯು ನೂರಕ್ಕೆ ಹನ್ನೊಂದು ಪಾಲಿನಷ್ಟೇ ಒಳಗೆ ಸರಿಯುವುದು. ಹೆಚ್ಚು ಒತ್ತಿದಷ್ಟೂ ಹೆಚ್ಚು ಬಲವಾಗಿ ಎದುರುನಿಲ್ಲುವುದು ಅದರ ಸ್ವಭಾವ. ಭೂಸ್ಥಿರ ಉಪಗ್ರಹಗಳು ಸುತ್ತುವ 42,000 ಕಿಲೋಮೀಟರಿನ ಕಕ್ಷೆಯ ವರೆಗೆ ಮೇರೆಯನ್ನು ನೂಕಬೇಕಾದರೆ ಒತ್ತಡವು ಸುಮಾರು ಹನ್ನೆರಡುಮಡಿಯಾಗಬೇಕು. ಆ ದಿನ ಹಾಗೆಯೇ ಆಯಿತು. ಮೇರೆಯು ಆ ಕಕ್ಷೆಗಿಂತಲೂ ಒಳಕ್ಕೆ ಸರಿದು, ಅಲ್ಲಿಯ ಕೆಲವು ಉಪಗ್ರಹಗಳು ಸೂರ್ಯಮಾರುತಕ್ಕೆ ನೇರವಾಗಿ ಒಡ್ಡಿಕೊಂಡವು. ಭಾರತದ ಭೂಸ್ಥಿರ ಉಪಗ್ರಹಗಳನ್ನು ಹಾಸನದ ಕೇಂದ್ರದಿಂದ ನೋಡಿಕೊಳ್ಳುವರು. ಮಳೆಮೋಡಗಳ ಚಿತ್ರಗಳೂ ದೂರದರ್ಶನದ ಕಾರ್ಯಕ್ರಮಗಳೂ ಅಂಥ ಉಪಗ್ರಹಗಳಿಂದಲೇ ರೈತನ ಮನೆಗೆ ಬರುವವು. ಅದೇ ಇರುಳು ಲದಾಖದ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ವೀಕ್ಷಣಾಲಯದಿಂದ, ಆಕಾಶವು ಕೆಂಪೇರಿದುದು ಕಂಡಿತು.

ಗಾಳಿಯ ಒತ್ತಡವೊಂದೇ ಮೇರೆಯ ಹಗೆಯಲ್ಲ. ಸೂರ್ಯಮಾರುತವು ತನ್ನೊಡನೆ ಸೂರ್ಯನ ಕಾಂತಬಲವನ್ನೂ ಹೊತ್ತು ತರುವುದು. ಅದು ಉತ್ತರಮುಖವಾಗಿದ್ದರೆ ಮೇರೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿರುವುದು. ದಕ್ಷಿಣಮುಖವಾಗಿದ್ದರೆ ಭೂಮಿಯ ಬಲರೇಖೆಗಳೊಡನೆ ಹೆಣೆದುಕೊಂಡು ಬಾಗಿಲನ್ನು ತೆರೆಯುವುದು. ಇದನ್ನು ಜೇಮ್ಸ್ ಡಂಜಿ ಎಂಬವನು 1961ರಲ್ಲಿ ವಿವರಿಸಿದನು. ಬಾಗಿಲು ತೆರೆದಾಗ ಒಳಗಿನ ಪ್ರವಾಹಗಳು ಕೆರಳುವವು. ನೆಲದೊಳಗೂ ಉದ್ದವಾದ ವಿದ್ಯುತ್ತಂತಿಗಳಲ್ಲೂ ಪ್ರವಾಹಗಳು ಪ್ರೇರಿತವಾಗುವವು. 1989ನೆಯ ಮಾರ್ಚ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಇದರಿಂದ ವಿದ್ಯುತ್ತು ನಿಂತು, 60 ಲಕ್ಷ ಜನರು ಸುಮಾರು ಒಂಬತ್ತು ತಾಸು ಕತ್ತಲೆಯಲ್ಲಿದ್ದರು. ಧ್ರುವಗಳಿಗೆ ದೂರವಾದ ದಕ್ಷಿಣಭಾರತಕ್ಕೆ ಆ ತೆರನ ಅಪಾಯವು ಕಡಿಮೆ. ಆದರೆ ಉಪಗ್ರಹಗಳಿಗೂ ದಾರಿ ತೋರುವ ರೇಡಿಯೋ ಸಂಕೇತಗಳಿಗೂ ತೊಂದರೆ ತಪ್ಪಿದ್ದಲ್ಲ.

ಕಾಂತಮಂಡಲವಿಲ್ಲದ ಗ್ರಹದ ಗತಿಯೇನು? ಮಂಗಳಕ್ಕೆ ಈಗ ಅಂಥ ಮಂಡಲವಿಲ್ಲ. ಹಿಂದೆ ಇದ್ದಿತೆಂಬುದಕ್ಕೆ ಅದರ ಪುರಾತನ ಶಿಲೆಗಳಲ್ಲಿ ಉಳಿದ ಕಾಂತತೆಯೇ ಸಾಕ್ಷಿ. ಸೂರ್ಯಮಾರುತವು ಅಲ್ಲಿ ವಾಯುಮಂಡಲದ ಮೇಲ್ಪದರನ್ನೇ ತಾಕಿ, ಅದರಲ್ಲೇ ಪ್ರವಾಹಗಳನ್ನು ಹುಟ್ಟಿಸಿ, ಕಣಗಳನ್ನು ಕಿತ್ತೊಯ್ಯುತ್ತಿರುವುದು. ಆದರೆ ಕಾಂತಬಲವೊಂದರಿಂದಲೇ ಭೂಮಿಯು ಉಳಿದಿದೆಯೆನ್ನುವುದು ಅತಿಯಾದೀತು. ಶುಕ್ರಕ್ಕೂ ಕಾಂತಮಂಡಲವಿಲ್ಲ, ಆದರೂ ಅದರ ವಾಯುಮಂಡಲವು ಭೂಮಿಯದಕ್ಕಿಂತ ಬಹಳ ದಟ್ಟವಾಗಿದೆ. ಸತ್ಯವನ್ನು ಹೇಳುವಾಗ ಎರಡೂ ಮಗ್ಗುಲನ್ನು ಹೇಳತಕ್ಕದ್ದು.

ಶರಣಬಂಧುಗಳಿರಾ, ಇಲ್ಲಿಯೇ ಈ ಉಪನ್ಯಾಸದ ಮುಖ್ಯವಾದ ಮಾತು ಇರುವುದು. ಇಂಥ ವಿಷಯಗಳು ಕಿವಿಗೆ ಬಿದ್ದಾಗ ಎರಡು ಬಗೆಯ ತಪ್ಪುಗಳು ನಡೆಯುವುದುಂಟು. ಮೊದಲನೆಯದು ಭಯ. ಸೂರ್ಯನಲ್ಲಿ ಬಿರುಗಾಳಿಯೆದ್ದಿತೆಂದ ಕೂಡಲೆ, ಇಂದಿನ ರಾತ್ರಿ ಹೊರಗೆ ಬರಬಾರದು, ದೇಹಕ್ಕೆ ಕೇಡಾಗುವುದು ಎಂಬ ಸುದ್ದಿಗಳು ಹಬ್ಬುವವು. ನೆಲದ ಮೇಲಿರುವ ಮನುಷ್ಯನನ್ನು ಕಾಂತಮಂಡಲವೂ ಅದಕ್ಕಿಂತ ಮಿಗಿಲಾಗಿ ದಟ್ಟವಾದ ವಾಯುಮಂಡಲವೂ ಕಾಯುತ್ತಿರುವವು. ಆ ಸುದ್ದಿಗಳಲ್ಲಿ ಹುರುಳಿಲ್ಲ. ಉತ್ತರಕ್ಕೆ ತಲೆಮಾಡಿ ಮಲಗಬಾರದೆಂಬ ಹಳೆಯ ಕಟ್ಟಳೆಗೆ ಭೂಮಿಯ ಕಾಂತಬಲವೇ ಕಾರಣವೆಂದು ಹೇಳುವವರೂ ಉಂಟು. ಹಿರಿಯರ ಮಾತೆಂದು ಪಾಲಿಸುವವರು ಪಾಲಿಸಲಿ. ಆದರೆ ಕಾಂತವಿದ್ಯೆಯನ್ನು ಅದರ ಸಾಕ್ಷಿಗೆ ಎಳೆದು ತರುವುದು ಸಲ್ಲದು. ದಿಕ್ಕು, ಮುಹೂರ್ತ, ಸೂತಕಗಳ ಅಂಜಿಕೆಯನ್ನು ಬಿಡಿಸಿದ ಶರಣರ ಮಕ್ಕಳಿಗೆ ಹೊಸ ಹೆಸರಿನ ಅಂಜಿಕೆ ತಕ್ಕುದಲ್ಲ.

ಎರಡನೆಯದು ಜಂಬ. ಇವೆಲ್ಲವೂ ವಚನಗಳಲ್ಲಿ ಮೊದಲೇ ಇವೆ, ಆಗಮಗಳಲ್ಲಿ ಮೊದಲೇ ಇವೆ ಎನ್ನುವುದು. ವಚನಗಳಲ್ಲಿ ಸೂರ್ಯಮಾರುತದ ವೇಗವಿಲ್ಲ, ಕಾಂತಮೇರೆಯ ದೂರವಿಲ್ಲ. ಇಲ್ಲವೆಂದು ಹೇಳುವುದರಿಂದ ಅವುಗಳ ಹಿರಿಮೆಗೆ ಕುಂದಿಲ್ಲ. ಶರಣರು ಅಳೆಯಹೊರಟದ್ದು ಮನುಷ್ಯನ ಅಂತರಂಗವನ್ನು. ಆ ಅಳತೆಗೆ ವಿಜ್ಞಾನದ ಮೊಹರು ಬೇಕಾಗಿಲ್ಲ. ಹಾಗೆಯೇ ಚಾಪ್‌ಮನ್ನನ ಗಣಿತಕ್ಕೆ ಮಠದ ಒಪ್ಪಿಗೆಯೂ ಬೇಕಾಗಿಲ್ಲ. ಇಲ್ಲದುದನ್ನು ಇದೆಯೆಂದು ಹೇಳಿ ಧರ್ಮವನ್ನು ಹಿರಿದುಮಾಡಹೊರಟವನು ಧರ್ಮದ ಬುಡವಾದ ಸತ್ಯವನ್ನೇ ಕಡಿದಂತಾಯಿತು. ಮಠದ ಪಾಠಶಾಲೆಯಿಂದ ಹೊರಬೀಳುವ ಬಾಲಕನು ಈ ಎರಡನ್ನೂ ಬೇರೆಬೇರೆಯಾಗಿ ಗೌರವಿಸಲು ಕಲಿತರೆ, ಅವನ ಭಕ್ತಿಯೂ ಗಟ್ಟಿಯಾಗಿರುವುದು, ಬುದ್ಧಿಯೂ ಗಟ್ಟಿಯಾಗಿರುವುದು.

ಮರ್ಯಾದೆಯೆಂಬ ಶಬ್ದಕ್ಕೆ ಮೇರೆಯೆಂದೂ ಸದಾಚಾರವೆಂದೂ ಎರಡು ಅರ್ಥಗಳುಂಟು. ಭೂಮಿಯ ಮರ್ಯಾದೆಯು ಬರುವ ಗಾಳಿಗೆ ತಕ್ಕಂತೆ ಒಳಗೆ ಹೊರಗೆ ಸರಿಯುವುದು, ಅಲುಗಾಡುವುದು, ಕೆಲವೊಮ್ಮೆ ತೆರೆದುಕೊಳ್ಳುವುದು. ಆದರೂ ಮರಳಿ ತನ್ನ ನೆಲೆಗೆ ಬಂದು ನಿಲ್ಲುವುದು. ಅದನ್ನು ಅಳೆಯಲು ನಾಲ್ಕು ನಾಲ್ಕು ಉಪಗ್ರಹಗಳು ಜೊತೆಯಾಗಿ ಹಾರಿವೆ. 2000ದಲ್ಲಿ ಯೂರೋಪಿನವರು, 2015ರಲ್ಲಿ ಅಮೇರಿಕೆಯವರು ಅಂಥವುಗಳನ್ನು ಕಳಿಸಿದರು. ನಾಲ್ಕು ಕಡೆಯ ಕಾಂತಬಲದ ವ್ಯತ್ಯಾಸದಿಂದ ನಡುವಿನ ಪ್ರವಾಹವನ್ನು ಲೆಕ್ಕಹಾಕುವುದು ಅವುಗಳ ಕ್ರಮ. ತಿಳಿದುದು ಸ್ವಲ್ಪ, ತಿಳಿಯಬೇಕಾದುದು ಬಹಳ. ಮುನವಳ್ಳಿ, ಸವದತ್ತಿ, ಬೈಲಹೊಂಗಲ, ರಾಮದುರ್ಗ ಸೀಮೆಯ ಶಾಲೆಗಳಲ್ಲಿ ಇಂದು ಓದುತ್ತಿರುವ ಮಕ್ಕಳಲ್ಲಿ ಒಬ್ಬನೋ ಒಬ್ಬಳೋ ನಾಳೆ ಈ ಕೆಲಸಕ್ಕೆ ಕೈಹಾಕಬಾರದೆಂದೇನೂ ಇಲ್ಲ. ಅದಮಾರು ಇದಕ್ಕಿಂತ ದೊಡ್ಡ ಊರಲ್ಲ.

ಅಂಥ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡುವ ದಾಸೋಹವು ಈ ಮಠದಲ್ಲಿ ನಿರಂತರವಾಗಿ ನಡೆಯಲಿ. ಸರ್ವರಿಗೂ ಸನ್ಮಂಗಲವಾಗಲಿ.